ರಾಮಧಾನ್ಯದ ವ್ಯಾಜ್ಯ ಮತ್ತು ಜೀನೋಮ್ ಪಾಠ: ಭತ್ತ, ರಾಗಿಗಳ ಸಂಪಾದನೆಯ ಕೆಲವು ಪ್ರಶ್ನೆಗಳು

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಯ ಬಹುಭಾಗ ಅದರ ಸಾಮಾಜಿಕ ಧ್ವನಿಗೆ ಸಂಬಂಧಿಸಿದ್ದು. ವ್ರೀಹಿ ಮತ್ತು ನರೆದಲೆಗಗಳ ವಾಗ್ವಾದವನ್ನು ಉಳ್ಳವರ ಮತ್ತು ಇಲ್ಲದವರ ವಾಗ್ವಾದವಾಗಿ ಓದುವ ಕ್ರಮ ಈಗ ತರಗತಿಯ ಪಾಠದಲ್ಲಿಯೂ ನೆಲೆಗೊಂಡಿದೆ. ಈ ಓದು ಸರಿಯಾದುದೇ. ಆದರೆ ಕಾವ್ಯದಲ್ಲಿ ಶ್ರೀರಾಮನು ತೀರ್ಪು ಕೊಡುವ ಬಗೆ ಬೇರೊಂದು ಕಾರಣಕ್ಕಾಗಿ ಗಮನಾರ್ಹವಾಗಿದೆ. ಎರಡೂ ಧಾನ್ಯಗಳ ವಾದವನ್ನು ಕೇಳಿದ ಸಭೆಯಲ್ಲಿಯೇ ಅವನು ನಿರ್ಣಯ ಹೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಅವಧಿ ಕಳೆದ ಮೇಲೆ ಯಾವುದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡುತ್ತಾನೆ. ವ್ರೀಹಿ ಸೊರಗಿರುತ್ತದೆ, ನರೆದಲೆಗ ಕೆಡದೆ ಉಳಿದಿರುತ್ತದೆ. ರಾಘವನ ಹೆಸರನ್ನು ಪಡೆದು ಅದು ರಾಗಿ ಎನಿಸುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿಯನ್ನು ಕಾಪಿಟ್ಟ ನಾಡಿನ ಅನುಭವ ಈ ಕಥಾಸಂವಿಧಾನದ ಹಿಂದಿದೆ. ಧಾನ್ಯದ ಗುಣವನ್ನು ಧಾನ್ಯದಲ್ಲಿಯೇ ಪರೀಕ್ಷಿಸಬೇಕು, ಅದರ ಪರವಾಗಿ ಆಡುವ ಮಾತಿನಲ್ಲಿ ಅಲ್ಲ ಎಂಬ ನಿಲುವು ಹದಿನಾರನೆಯ ಶತಮಾನದ ಈ ಷಟ್ಪದಿ ಕಾವ್ಯದಲ್ಲಿದೆ.

ಈ ಎರಡು ಧಾನ್ಯಗಳ ಒಳಗನ್ನು ಅಕ್ಷರ ಅಕ್ಷರವಾಗಿ ಓದಿದ ವರದಿಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಪ್ರಕಟವಾದವು. ಭತ್ತದ ಜೀನೋಮ್ 2005ರಲ್ಲಿ ಪೂರ್ಣ ಪಾಠವಾಗಿ ಹೊರಬಂದಿತು. ರಾಗಿಯ ಮೊದಲ ಕರಡು 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದಿತು. ಇವನ್ನು ಕುರಿತ ಕನ್ನಡ ಬರಹಗಳಲ್ಲಿ ‘ರಹಸ್ಯ ಬಯಲಾಯಿತು’, ‘ಒಗಟು ಬಿಡಿಸಲಾಯಿತು’ ಎಂಬ ಮಾತುಗಳು ಪದೇ ಪದೇ ಬರುತ್ತವೆ. ಈ ಮಾತುಗಳು ನಡೆದ ಕೆಲಸವನ್ನು ತಪ್ಪಾಗಿ ಹೇಳುತ್ತವೆ. ನಡೆದದ್ದು ಒಗಟು ಬಿಡಿಸುವ ಕೆಲಸಕ್ಕಿಂತ ಗ್ರಂಥಸಂಪಾದನೆಗೆ ಹತ್ತಿರವಾದುದು. ಆದ್ದರಿಂದ ಅದನ್ನು ಅಳೆಯಲು ಬೇಕಾದ ಪರಿಭಾಷೆ ಕನ್ನಡ ವಿಭಾಗಗಳಲ್ಲಿ ಈಗಾಗಲೇ ಇದೆ. ಪ್ರಸ್ತುತ ಲೇಖನದಲ್ಲಿ ಈ ಸಾಮ್ಯವನ್ನೂ ಅದರ ಮಿತಿಯನ್ನೂ ಪರಿಶೀಲಿಸಲಾಗಿದೆ.

ನಕಾಶೆ ಮತ್ತು ಪಾಠ

ಜೀವಕೋಶದಲ್ಲಿರುವ ಡಿಎನ್‌ಎ ಎಂಬ ಎಳೆಯಲ್ಲಿ ನಾಲ್ಕು ರಾಸಾಯನಿಕ ಘಟಕಗಳು ಸಾಲಾಗಿ ಬರುತ್ತವೆ. ಇವನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಿಂದ ಗುರುತಿಸುವುದು ರೂಢಿ. ಒಂದು ಜೀವಿಯ ಈ ಅಕ್ಷರಗಳ ಸಮಗ್ರ ಸಾಲೇ ಜೀನೋಮ್. ಅದು ಹಲವು ವರ್ಣತಂತುಗಳಲ್ಲಿ ಹಂಚಿಕೊಂಡಿರುತ್ತದೆ. ಇಲ್ಲಿ ‘ವರ್ಣ’ ಎಂದರೆ ಬಣ್ಣ. ಬಣ್ಣ ಹಾಕಿದಾಗ ಸೂಕ್ಷ್ಮದರ್ಶಕದಲ್ಲಿ ಕಾಣುವ ತಂತು ಎಂಬ ಅರ್ಥದಲ್ಲಿ ಗ್ರೀಕ್ ಮೂಲದ ಪದವನ್ನು ಕನ್ನಡಿಸಲಾಗಿದೆ. ‘ವರ್ಣ’ಕ್ಕೆ ಅಕ್ಷರವೆಂಬ ಅರ್ಥವೂ ಇರುವುದರಿಂದ, ಅನುವಾದಕರು ಉದ್ದೇಶಿಸದೆಯೇ, ಪದ ಇಂದಿನ ತಿಳಿವಳಿಕೆಗೂ ಒಪ್ಪುವಂತಾಗಿದೆ.

ಜೀನೋಮಿನ ಅಧ್ಯಯನದಲ್ಲಿ ನಕಾಶೆ ಮೊದಲು ಬಂದಿತು, ಪಾಠ ಬಹಳ ಕಾಲದ ಮೇಲೆ ಬಂದಿತು. 1913ರಲ್ಲಿ ಅಮೆರಿಕದ ಆಲ್ಫ್ರೆಡ್ ಸ್ಟರ್ಟೆವಾಂಟ್, ಹಣ್ಣಿನ ನೊಣದ ಒಂದು ವರ್ಣತಂತುವಿನ ಮೇಲೆ ಆರು ಗುಣಗಳ ನೆಲೆಗಳನ್ನು ಸಾಲಾಗಿ ಗುರುತಿಸಿ ಮೊದಲ ನಕಾಶೆಯನ್ನು ಪ್ರಕಟಿಸಿದ. ಆಗ ಡಿಎನ್‌ಎಯ ರಚನೆ ಯಾರಿಗೂ ತಿಳಿದಿರಲಿಲ್ಲ. ಅಕ್ಷರವೊಂದನ್ನೂ ಓದದೆ ಗ್ರಂಥದ ಅಧ್ಯಾಯಗಳ ಅನುಕ್ರಮವನ್ನು ಹೇಳಲು ಅವನಿಗೆ ಸಾಧ್ಯವಾದದ್ದು ಹೇಗೆ? ಓಲೆಗರಿಯ ಕಟ್ಟಿನ ನಿದರ್ಶನದಿಂದ ಇದನ್ನು ತಿಳಿಯಬಹುದು. ಒಂದೇ ಕಾವ್ಯದ ನೂರಾರು ಕಟ್ಟುಗಳಿವೆ ಎಂದೂ, ಪ್ರತಿಯೊಂದೂ ಎಲ್ಲೋ ಒಂದು ಕಡೆ ತುಂಡಾಗಿ ಎರಡು ಮನೆಗಳಿಗೆ ಹಂಚಿಹೋಗಿದೆ ಎಂದೂ ಭಾವಿಸೋಣ. ಪರಸ್ಪರ ಸಮೀಪದಲ್ಲಿರುವ ಎರಡು ಪದ್ಯಗಳು ಬಹುತೇಕ ಒಂದೇ ಮನೆಯಲ್ಲಿ ಉಳಿದಿರುತ್ತವೆ, ದೂರದಲ್ಲಿರುವ ಪದ್ಯಗಳು ಬೇರೆ ಬೇರೆ ಮನೆಗಳನ್ನು ಸೇರಿರುತ್ತವೆ. ಯಾವ ಎರಡು ಪದ್ಯಗಳು ಎಷ್ಟು ಸಲ ಅಗಲಿವೆ ಎಂಬುದನ್ನು ಎಣಿಸಿದರೆ ಅವುಗಳ ನಡುವಿನ ಅಂತರ ಗೊತ್ತಾಗುತ್ತದೆ. ಸಸ್ಯದಲ್ಲಿಯೂ ತಂದೆ ತಾಯಿಗಳಿಂದ ಬಂದ ವರ್ಣತಂತುಗಳು ಪ್ರತಿ ಪೀಳಿಗೆಯಲ್ಲಿ ಮುರಿದು ಅದಲುಬದಲಾಗುತ್ತವೆ. ನೂರರಲ್ಲಿ ಒಂದು ಸಲ ಅಗಲುವ ಎರಡು ನೆಲೆಗಳ ಅಂತರವನ್ನು ಒಂದು ಸೆಂಟಿಮಾರ್ಗನ್ ಎನ್ನುತ್ತಾರೆ. ಸ್ಟರ್ಟೆವಾಂಟನ ಗುರು ಥಾಮಸ್ ಹಂಟ್ ಮಾರ್ಗನ್‌ನ ಹೆಸರು ಈ ಅಳತೆಯಲ್ಲಿದೆ.

ಇದು ಸಂಬಂಧಗಳ ನಕಾಶೆ. ಇದರ ಜೊತೆಗೆ ಭೌತಿಕ ನಕಾಶೆಯೊಂದು ಬೇಕಾಗುತ್ತದೆ. ಜೀನೋಮನ್ನು ಲಕ್ಷ ಅಕ್ಷರಗಳ ಆಸುಪಾಸಿನ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಬ್ಯಾಕ್ಟೀರಿಯದೊಳಗೆ ಇರಿಸಿ ಬೆಳೆಸಿ, ಯಾವ ತುಂಡಿನ ಅಂಚು ಯಾವುದರ ಮೇಲೆ ಹಾಯುತ್ತದೆ ಎಂಬುದನ್ನು ನೋಡಿ ಸಾಲಾಗಿ ಜೋಡಿಸಲಾಗುತ್ತದೆ. ಆ ಬಳಿಕವೇ ಪ್ರತಿ ತುಂಡಿನ ಅಕ್ಷರಗಳನ್ನು ಓದುವ ಕೆಲಸ. ಒಂದು ಸಲಕ್ಕೆ ಓದಲು ಸಾಧ್ಯವಾಗುವುದು ಕೆಲವೇ ನೂರು ಅಕ್ಷರಗಳು. 1977ರಲ್ಲಿ ಫ್ರೆಡ್ ಸ್ಯಾಂಗರ್ ರೂಪಿಸಿದ ವಿಧಾನದ ಮಿತಿ ಅದು. ಆದ್ದರಿಂದ ತುಂಡನ್ನು ಮತ್ತೆ ಚೂರುಗಳಾಗಿಸಿ ಓದಿ, ಚೂರಿನ ತುದಿಯನ್ನು ಇನ್ನೊಂದು ಚೂರಿನ ಮೊದಲಿಗೆ ಹೊಂದಿಸಿ ಸೇರಿಸಬೇಕು.

ಈ ಹೊಂದಿಕೆಯ ತತ್ತ್ವ ಭಾರತೀಯ ಪರಂಪರೆಗೆ ಅಪರಿಚಿತವಲ್ಲ. ವೇದದ ಕ್ರಮಪಾಠದಲ್ಲಿ ಮೊದಲ ಪದವನ್ನು ಎರಡನೆಯದರ ಜೊತೆ, ಎರಡನೆಯದನ್ನು ಮೂರನೆಯದರ ಜೊತೆ, ಮೂರನೆಯದನ್ನು ನಾಲ್ಕನೆಯದರ ಜೊತೆ ಹೇಳಲಾಗುತ್ತದೆ. ಪ್ರತಿ ಪದವೂ ಎರಡು ಸಲ ಬರುವುದರಿಂದ ಅನುಕ್ರಮ ತಪ್ಪುವಂತಿಲ್ಲ. ಚೂರುಗಳ ಅತಿವ್ಯಾಪ್ತಿಯಿಂದ ಸಾಲನ್ನು ಕಟ್ಟುವ ಜೀನೋಮ್ ವಿಧಾನವೂ ಇದೇ ತರ್ಕವನ್ನು ಅವಲಂಬಿಸಿದೆ. ಆದರೆ ಮುಖ್ಯ ವ್ಯತ್ಯಾಸವೊಂದಿದೆ. ಕ್ರಮಪಾಠದಲ್ಲಿ ಸಾಲು ಮೊದಲೇ ಗೊತ್ತು, ಅತಿವ್ಯಾಪ್ತಿ ಅದರ ರಕ್ಷಣೆಗಾಗಿ. ಜೀನೋಮಿನಲ್ಲಿ ಸಾಲು ಗೊತ್ತಿಲ್ಲ.

ತೊಡಕು ಬರುವುದು ಪುನರಾವೃತ್ತಿಯಿಂದ. ಒಂದು ದೊಡ್ಡ ಕೀರ್ತನಸಂಗ್ರಹ ಹರಿದು ಚೂರಾಗಿದೆ ಎಂದಿಟ್ಟುಕೊಂಡರೆ, ಚರಣದ ಸಾಲಿರುವ ಚೂರನ್ನು ಅದರ ಸ್ಥಾನದಲ್ಲಿ ಇಡಬಹುದು. ಪಲ್ಲವಿ ಮಾತ್ರ ಇರುವ ಚೂರನ್ನು ಎಲ್ಲಿಡಬೇಕು? ಸಸ್ಯಗಳ ಜೀನೋಮಿನಲ್ಲಿ ಇಂಥ ಪಲ್ಲವಿಗಳು ಅಪಾರ. ನಕಾಶೆಯಿಲ್ಲದೆ ಇಡೀ ಜೀನೋಮನ್ನು ಒಮ್ಮೆಗೇ ಚೂರು ಮಾಡಿ ಓದುವ ತ್ವರಿತ ವಿಧಾನಕ್ಕೂ, ನಕಾಶೆಯನ್ನು ಮುಂದಿಟ್ಟುಕೊಂಡು ತುಂಡು ತುಂಡಾಗಿ ಓದುವ ನಿಧಾನದ ವಿಧಾನಕ್ಕೂ ಇರುವ ಬೆಲೆಯ ವ್ಯತ್ಯಾಸ ಇಲ್ಲಿದೆ. ಗರಿಸಂಖ್ಯೆಯಿರುವ ಕಟ್ಟನ್ನೂ ಗರಿಸಂಖ್ಯೆ ಅಳಿದ ಕಟ್ಟನ್ನೂ ಸಂಪಾದಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾದರಿ ಎಂದರೆ ಯಾವುದು?

ಸಂಪೂರ್ಣವಾಗಿ ಓದಲ್ಪಟ್ಟ ಮೊದಲ ಸಸ್ಯ ಅರಬಿಡಾಪ್ಸಿಸ್. ಸಾಸಿವೆಯ ಕುಲಕ್ಕೆ ಸೇರಿದ ಈ ಕಳೆಗಿಡವನ್ನು ಯಾರೂ ಬೆಳೆಯುವುದಿಲ್ಲ, ತಿನ್ನುವುದಿಲ್ಲ. ಆದರೂ ಅದನ್ನು ‘ಮಾದರಿ ಸಸ್ಯ’ವೆಂದು ಕರೆಯುತ್ತಾರೆ. ಕನ್ನಡದಲ್ಲಿ ಮಾದರಿ ಎಂದರೆ ಅನುಕರಣೀಯವಾದುದು ಎಂಬ ಛಾಯೆಯಿರುವುದರಿಂದ (ಮಾದರಿ ಶಾಲೆ, ಮಾದರಿ ಗ್ರಾಮ) ವಿದ್ಯಾರ್ಥಿಗಳಿಗೆ ಈ ಪದ ಗೊಂದಲ ತರುತ್ತದೆ. ಇಲ್ಲಿ ಅದಕ್ಕೆ ಅಂಥ ಗೌರವಾರ್ಥವಿಲ್ಲ. ಗಿಡ ಚಿಕ್ಕದು, ಬೀಜದಿಂದ ಬೀಜಕ್ಕೆ ಸುಮಾರು ಆರು ವಾರ ಸಾಕು, ಐದೇ ಜೊತೆ ವರ್ಣತಂತುಗಳು, ಜೀನೋಮ್ ಸುಮಾರು 12.5 ಕೋಟಿ ಅಕ್ಷರಗಳಷ್ಟು ಮಾತ್ರ. ಭಾಷಾವಿಜ್ಞಾನಿ ಒಂದು ಚಿಕ್ಕ ಪಠ್ಯವನ್ನು ಆಯ್ದುಕೊಂಡು ವ್ಯಾಕರಣದ ಸಾಮಾನ್ಯ ನಿಯಮಗಳನ್ನು ಹುಡುಕುವಂತೆ ಇದು. ಅಂತರರಾಷ್ಟ್ರೀಯ ಗುಂಪೊಂದು ನಕಾಶೆಯನ್ನು ಆಧರಿಸಿ ಇದನ್ನು ಓದಿ 2000ದ ಡಿಸೆಂಬರಿನಲ್ಲಿ ಪ್ರಕಟಿಸಿತು. ಆಗ ಎಣಿಸಿದ ವಂಶವಾಹಿಗಳು 25,498. ಸಂಪೂರ್ಣವೆಂದು ಹೇಳಲಾದ ಈ ಪಾಠದಲ್ಲಿಯೂ ವರ್ಣತಂತುಗಳ ನಡುಗಂಟಿನ ಭಾಗಗಳು ತ್ರುಟಿತವಾಗಿದ್ದವು. ಪುನರಾವೃತ್ತಿಯೇ ತುಂಬಿದ ಆ ಜಾಗಗಳ ಪಾಠ ದೊರೆತದ್ದು 2021ರಲ್ಲಿ. ಸಂಪಾದಕನ ‘ಪೂರ್ಣ’ ಎಂಬ ಮಾತನ್ನು ಎಷ್ಟು ಎಚ್ಚರದಿಂದ ಸ್ವೀಕರಿಸಬೇಕು ಎಂಬುದಕ್ಕೆ ಈ ಇಪ್ಪತ್ತೊಂದು ವರ್ಷಗಳ ಅಂತರ ಸಾಕು.

ಭತ್ತದ ಕಥೆ ಇದಕ್ಕಿಂತ ಭಿನ್ನ. ಅದು ಏಕಕಾಲಕ್ಕೆ ಮಾದರಿ ಸಸ್ಯವೂ ಹೌದು, ಜಗತ್ತಿನ ಅರ್ಧದಷ್ಟು ಜನರ ಅನ್ನವೂ ಹೌದು. ಜಪಾನಿನ ನೇತೃತ್ವದಲ್ಲಿ ಹತ್ತು ದೇಶಗಳು ಹನ್ನೆರಡು ವರ್ಣತಂತುಗಳನ್ನು ಹಂಚಿಕೊಂಡು ಓದಿದವು. ಭಾರತದ ಪಾಲಿಗೆ ಬಂದದ್ದು 11ನೆಯ ವರ್ಣತಂತುವಿನ ಒಂದು ಭಾಗ. ಆ ಕೆಲಸವನ್ನು ದೆಹಲಿ ವಿಶ್ವವಿದ್ಯಾನಿಲಯದ ದಕ್ಷಿಣ ಆವರಣ ಮತ್ತು ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ಆವರಣದಲ್ಲಿದ್ದ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರಗಳು ನಿರ್ವಹಿಸಿದವು. ನಡುವೆ 2002ರ ಏಪ್ರಿಲಿನಲ್ಲಿ ಚೀನಾದ ಒಂದು ಸಂಸ್ಥೆ ಇಂಡಿಕಾ ಭತ್ತದ, ಸಿಂಜೆಂಟಾ ಎಂಬ ಕಂಪನಿ ಜಪಾನಿಕಾ ಭತ್ತದ ಕರಡು ಪಾಠಗಳನ್ನು ತ್ವರಿತ ವಿಧಾನದಿಂದ ಸಿದ್ಧಪಡಿಸಿ ಪ್ರಕಟಿಸಿದವು. ಈ ಕರಡುಗಳಲ್ಲಿ ವಂಶವಾಹಿಗಳ ಅಂದಾಜು 32,000ದಿಂದ 55,000ದವರೆಗೆ ಹರಡಿಕೊಂಡಿತ್ತು. 2005ರ ಆಗಸ್ಟಿನಲ್ಲಿ ನಕಾಶೆ ಆಧಾರಿತ ಪಾಠ ಬಂದಾಗ ಸಂಖ್ಯೆ 37,544ಕ್ಕೆ ನಿಂತಿತು. 38.9 ಕೋಟಿ ಅಕ್ಷರಗಳ ಜೀನೋಮಿನಲ್ಲಿ ಶೇಕಡಾ 95ರಷ್ಟು ಓದಲ್ಪಟ್ಟಿತ್ತು. ಕರಡು ಬೇಗ ಬರುತ್ತದೆ, ಆದರೆ ಒಂದೇ ವಂಶವಾಹಿಯ ಎರಡು ಚೂರುಗಳನ್ನು ಎರಡು ವಂಶವಾಹಿಗಳೆಂದು ಎಣಿಸುತ್ತದೆ. ತುಂಡುಪ್ರತಿಗಳನ್ನು ಪ್ರತ್ಯೇಕ ಕೃತಿಗಳೆಂದು ಭಾವಿಸಿದ ಪ್ರಸಂಗಗಳು ಸಾಹಿತ್ಯ ಚರಿತ್ರೆಯಲ್ಲಿಯೂ ಇಲ್ಲದಿಲ್ಲ.

ಇಲ್ಲಿ ‘ಓದು’ ಎಂಬ ಪದದ ಅರ್ಥವನ್ನು ಸ್ಪಷ್ಟಪಡಿಸಬೇಕಾಗಿದೆ. ಅಕ್ಷರಗಳ ಸಾಲನ್ನು ಪಡೆಯುವುದು ಲಿಪ್ಯಂತರಕ್ಕೆ ಸಮಾನ, ಅರ್ಥವಿವರಣೆಗೆ ಅಲ್ಲ. ಹಲ್ಮಿಡಿ ಶಾಸನದ ಅಕ್ಷರಗಳನ್ನು ಓದಿ ದಶಕಗಳೇ ಕಳೆದಿವೆ. ಅದರ ಕೆಲವು ಪದಗಳ ಅರ್ಥದ ಬಗೆಗೆ ವಿದ್ವಾಂಸರ ಚರ್ಚೆ ಮುಂದುವರಿದಿದೆ. ಭತ್ತದ ಪಾಠದ ಸ್ಥಿತಿಯೂ ಅದೇ. ‘ನೀಲನಕ್ಷೆ’ ಎಂಬ ರೂಪಕ ಈ ಕಾರಣಕ್ಕಾಗಿಯೇ ಅನುಚಿತ. ನೀಲನಕ್ಷೆಯಲ್ಲಿ ಮನೆಯ ಪ್ರತಿ ಕೋಣೆಯೂ ಕಾಣುತ್ತದೆ, ಜೀನೋಮ್ ಪಾಠದಲ್ಲಿ ಗಿಡದ ಎಲೆಯಾಗಲಿ ತೆನೆಯಾಗಲಿ ಹಾಗೆ ಕಾಣುವುದಿಲ್ಲ. ‘ಅನುಕ್ರಮಣಿಕೆ’ ಎಂಬ ಬಳಕೆಯೂ ಸಲ್ಲದು, ಕನ್ನಡ ಓದುಗನಿಗೆ ಅದು ಪುಸ್ತಕದ ಪರಿವಿಡಿ. ‘ಪಾಠ’ ಎಂಬ ಪದವನ್ನು ಡಿ. ಎಲ್. ನರಸಿಂಹಾಚಾರ್ಯರೂ ಎಂ. ಎಂ. ಕಲಬುರ್ಗಿಯವರೂ ತಮ್ಮ ಗ್ರಂಥಸಂಪಾದನ ಶಾಸ್ತ್ರದ ಕೃತಿಗಳಲ್ಲಿ ಕೊಟ್ಟ ಖಚಿತಾರ್ಥದಲ್ಲಿ ಇಲ್ಲಿಯೂ ಬಳಸಬಹುದಾಗಿದೆ.

ಒಂದು ಪ್ರತಿ ಮತ್ತು ಕೃತಿ

2005ರ ಭತ್ತದ ಪಾಠ ಭತ್ತದ್ದಲ್ಲ, ನಿಪ್ಪೊನ್‌ಬಾರೆ ಎಂಬ ಒಂದು ಜಪಾನಿ ತಳಿಯದು. ಸಂಪಾದನೆಯ ಭಾಷೆಯಲ್ಲಿ ಅದು ಏಕಪ್ರತಿಯ ಮುದ್ರಣ. ಇದರಿಂದ ಆಗುವ ನಷ್ಟವೇನು ಎಂಬುದಕ್ಕೆ ನೆರೆ ಸಹಿಸುವ ವಂಶವಾಹಿಯ ಪ್ರಕರಣ ಉತ್ತಮ ಸಾಕ್ಷಿ. ಒಡಿಶಾದ ಎಫ್‌ಆರ್ 13ಎ ಎಂಬ ತಳಿ ಎರಡು ವಾರಗಳ ಕಾಲ ನೀರಿನಲ್ಲಿ ಮುಳುಗಿದ್ದರೂ ಸಾಯುವುದಿಲ್ಲ. ಈ ಗುಣದ ಮುಖ್ಯ ನೆಲೆ 9ನೆಯ ವರ್ಣತಂತುವಿನಲ್ಲಿದೆ ಎಂಬುದು 1996ರಲ್ಲಿ ನಕಾಶೆಯಿಂದ ತಿಳಿಯಿತು. ಹತ್ತು ವರ್ಷಗಳ ಬಳಿಕ, 2006ರಲ್ಲಿ, ಸಬ್1ಎ ಎಂಬ ವಂಶವಾಹಿಯನ್ನು ಅಲ್ಲಿ ಗುರುತಿಸಲಾಯಿತು. ಗಮನಿಸಬೇಕಾದ ಅಂಶವೆಂದರೆ, ನಿಪ್ಪೊನ್‌ಬಾರೆಯಲ್ಲಿ ಈ ವಂಶವಾಹಿಯೇ ಇಲ್ಲ. ಜಗತ್ತಿನ ಅತ್ಯಂತ ಶುದ್ಧ ಪಾಠವೆಂದು ಮಾನ್ಯವಾದ ಪ್ರತಿಯನ್ನು ಎಷ್ಟೇ ಸಲ ಓದಿದರೂ ಅದು ದೊರೆಯುತ್ತಿರಲಿಲ್ಲ. ಅದು ಉಳಿದಿದ್ದುದು ಪೂರ್ವ ಭಾರತದ ರೈತರ ಗದ್ದೆಯಲ್ಲಿ. ಆಂಧ್ರದ ಜನಪ್ರಿಯ ‘ಸ್ವರ್ಣ’ ತಳಿಗೆ ಇದನ್ನು ಸೇರಿಸಿ ಪಡೆದ ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು.

ಧರ್ಮಸ್ಥಳದ ಪರಿಸರದಲ್ಲಿ ಈ ವಿಷಯಕ್ಕೆ ವಿಶೇಷ ಅರ್ಥವಿದೆ. ನೇತ್ರಾವತಿಯ ಈ ಸೀಮೆ ರಾಗಿಯದಲ್ಲ, ಕುಚ್ಚಲಕ್ಕಿಯದು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳನ್ನು ಹೆಸರಿಸುವ ತುಳುನಾಡಿನ ಬೇಸಾಯದಲ್ಲಿ ಪ್ರತಿ ಬೆಳೆಗೂ ಪ್ರತಿ ಬಗೆಯ ಗದ್ದೆಗೂ ಬೇರೆ ಬೇರೆ ತಳಿಗಳಿದ್ದವು. ಉತ್ತರ ಕನ್ನಡದ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ಸಹಿಸುವ ‘ಕಗ್ಗ’ ಭತ್ತವಿದೆ. ಇವೆಲ್ಲ ಪಾಠಾಂತರಗಳು. ಬೆಳ್ತಂಗಡಿ ತಾಲ್ಲೂಕಿನ ಮಿತ್ತಬಾಗಿಲಿನ ಬಿ. ಕೆ. ದೇವರಾವ್ ಇಂಥ ತಳಿಗಳನ್ನು ವರ್ಷ ವರ್ಷವೂ ಬಿತ್ತಿ ಉಳಿಸಿಕೊಂಡು ಬಂದವರಾಗಿ ಪ್ರಸಿದ್ಧರು. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ತಳಿಗಳನ್ನು ಸಂರಕ್ಷಿಸಿದ್ದಾರೆ. ಅವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು. ಭತ್ತದ ಬೀಜ ಮೊಳಕೆಯ ಶಕ್ತಿಯನ್ನು ಬೇಗ ಕಳೆದುಕೊಳ್ಳುವುದರಿಂದ ಮನೆಯಲ್ಲಿ ಇಟ್ಟರೆ ಸಾಲದು, ಮತ್ತೆ ಮತ್ತೆ ಬಿತ್ತಬೇಕು. ಕನಕದಾಸರ ವ್ರೀಹಿ ಸೆರೆಯಲ್ಲಿ ಸೊರಗಿದ್ದನ್ನು ಇಲ್ಲಿ ನೆನೆಯಬಹುದು. ಓಲೆಗರಿಯ ಪ್ರತಿಯೂ ಹಾಗೆಯೇ. ಧರ್ಮಸ್ಥಳದ ಶ್ರೀ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನದಲ್ಲಿ ತಾಳೆಗರಿಯ ಹಸ್ತಪ್ರತಿಗಳನ್ನು ಸಂಗ್ರಹಿಸಿ ಕಾಪಾಡಲಾಗಿದೆ. ಹಳೆಯ ಗರಿ ಶಿಥಿಲವಾಗುವ ಮುನ್ನ ಲಿಪಿಕಾರ ಹೊಸ ಗರಿಗೆ ಇಳಿಸಿದ್ದರಿಂದ ಮಾತ್ರ ಎಷ್ಟೋ ಕೃತಿಗಳು ಇಂಥ ಭಂಡಾರಗಳವರೆಗೆ ಬಂದಿವೆ. ತಳಿಯನ್ನು ಉಳಿಸಿದ ರೈತನೂ ಲಿಪಿಕಾರನೇ. ಪ್ರತಿ ಮಾಡುವಾಗ ಅವನ ಕೈಯಲ್ಲಿ ಬದಲಾವಣೆಗಳೂ ಸೇರುತ್ತವೆ, ಆಯ್ಕೆಯೂ ನಡೆಯುತ್ತದೆ.

2014ರಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆ ಮತ್ತು ಚೀನಾದ ಸಂಸ್ಥೆಗಳು ಸೇರಿ 89 ದೇಶಗಳ ಸುಮಾರು 3,000 ಭತ್ತದ ತಳಿಗಳ ಜೀನೋಮುಗಳನ್ನು ಓದಿ ಪ್ರಕಟಿಸಿದವು. ಏಕಪ್ರತಿಯಿಂದ ಬಹುಪ್ರತಿಗಳ ಕಡೆಗೆ ಆದ ಈ ಪಲ್ಲಟ ಕನ್ನಡ ಸಂಪಾದನೆ ಒಂದು ಪ್ರತಿಯ ಮುದ್ರಣದಿಂದ ಪಾಠಾಂತರಸಹಿತ ಪರಿಷ್ಕರಣಕ್ಕೆ ನಡೆದ ದಾರಿಯನ್ನು ಹೋಲುತ್ತದೆ. ಕೊಡುಕೊಳ್ಳುವಿಕೆ ಏಕಮುಖವಾಗಿಲ್ಲ ಎಂಬುದೂ ಉಲ್ಲೇಖನೀಯ. ಜೀವಿಗಳ ವಂಶವೃಕ್ಷ ರಚಿಸುವ ಗಣಕ ವಿಧಾನಗಳನ್ನೇ ಬಳಸಿ ಇಂಗ್ಲಿಷ್ ಕವಿ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ನ ಒಂದು ಭಾಗದ ಹಸ್ತಪ್ರತಿಗಳ ವಂಶವೃಕ್ಷವನ್ನು 1998ರಲ್ಲಿ ಸಿದ್ಧಪಡಿಸಲಾಯಿತು. ಗ್ರಂಥಪಾತ, ಪುನರುಕ್ತಿ, ಪ್ರಕ್ಷೇಪಗಳು ಡಿಎನ್‌ಎಯ ನಕಲಿನಲ್ಲಿಯೂ ಆಗುತ್ತವೆ ಎಂಬುದೇ ಇದಕ್ಕೆ ಆಧಾರ. ಸಾಮ್ಯದ ಮಿತಿ ಇರುವುದು ಮುಂದಿನ ಹೆಜ್ಜೆಯಲ್ಲಿ. ಗ್ರಂಥಸಂಪಾದಕನಿಗೆ ಕವಿಯ ಮೂಲಪಾಠ ಗುರಿ, ಸ್ಖಾಲಿತ್ಯ ತೊಡೆಯಬೇಕಾದ ದೋಷ. ತಳಿಶಾಸ್ತ್ರಜ್ಞನಿಗೆ ಕವಿಯಿಲ್ಲ, ಮೂಲವೂ ಗುರಿಯಲ್ಲ; ಲಿಪಿಕಾರನ ಸ್ಖಾಲಿತ್ಯವೇ ಅವನ ಸಂಪತ್ತು.

ರಾಗಿ: ಒಂದು ಕಟ್ಟಿನಲ್ಲಿ ಎರಡು ಪಾಠಗಳು

ಭತ್ತದ ಪಾಠ ಮುಗಿಯುವ ಹೊತ್ತಿಗೆ ರಾಗಿಗೆ ಒಂದು ಒಳ್ಳೆಯ ನಕಾಶೆಯೂ ಇರಲಿಲ್ಲ. 2007ರಲ್ಲಿ ಕೆನ್ಯಾದ ಮ್ಯಾಥ್ಯೂಸ್ ಡಿಡಾ ಮತ್ತು ಸಂಗಡಿಗರ ನಕಾಶೆ ಪ್ರಕಟವಾಯಿತು. ಅದೇ ವರ್ಷ ಶ್ರೀನಿವಾಸಾಚಾರಿ, ಡಿಡಾ, ಮೈಕ್ ಗೇಲ್ ಮತ್ತು ಕ್ಯಾಟ್ರಿಯನ್ ಡಿವೋಸ್ ಅವರು ರಾಗಿಯ ನಕಾಶೆಯನ್ನು ಭತ್ತದ ಪಾಠದ ಪಕ್ಕದಲ್ಲಿಟ್ಟು ಹೋಲಿಸಿದರು. ಕನಕದಾಸರ ಓದುಗರ ದೃಷ್ಟಿಯಿಂದ ಈ ವಿಷಯದ ಅತ್ಯಂತ ಸ್ವಾರಸ್ಯಕರ ಫಲಿತ ದೊರೆತದ್ದು ಇಲ್ಲಿ. ರಾಗಿಯ ಒಂಬತ್ತು ವರ್ಣತಂತು ಗುಂಪುಗಳಲ್ಲಿ ಆರು, ಭತ್ತದ ಒಂದೊಂದು ವರ್ಣತಂತುವಿಗೆ ನೇರವಾಗಿ ಸರಿಹೊಂದುತ್ತವೆ. ಉಳಿದ ಮೂರು ಗುಂಪುಗಳಲ್ಲಿ ಒಂದೊಂದೂ ಭತ್ತದ ಎರಡೆರಡು ವರ್ಣತಂತುಗಳಿಗೆ ಸಮ; ಒಂದು ವರ್ಣತಂತು ಇನ್ನೊಂದರ ನಡುಗಂಟಿನ ಭಾಗದಲ್ಲಿ ಇಡಿಯಾಗಿ ಸೇರಿಕೊಂಡಂತಿದೆ. ಒಂದು ಸಂಧಿಯ ಮಧ್ಯದಲ್ಲಿ ಇನ್ನೊಂದು ಸಂಧಿಯನ್ನು ಹಾಗೆಯೇ ಸೇರಿಸಿ ಕಟ್ಟಿದ ಪ್ರತಿಯಂತೆ. ಭತ್ತದ ಹನ್ನೆರಡು ಹೀಗೆ ರಾಗಿಯ ಒಂಬತ್ತಾಗಿವೆ. ವಂಶವಾಹಿಗಳ ಅನುಕ್ರಮ ಬಹುಮಟ್ಟಿಗೆ ಕೆಡದೆ ಉಳಿದಿದೆ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಬೇರೆಯಾದ ಎರಡು ಹುಲ್ಲುಗಳು ಇವು. ಸಭೆಯಲ್ಲಿ ಕುಲದ ಹಿರಿಮೆಯನ್ನು ಎತ್ತಿ ಆಡಿದ ವ್ರೀಹಿಗೂ ಎದುರುತ್ತರ ಕೊಟ್ಟ ನರೆದಲೆಗಕ್ಕೂ ಇರುವುದು ಒಂದೇ ಕುಲ.

ಪಾಠ ಸಿದ್ಧಪಡಿಸುವ ಕೆಲಸ ನಕಾಶೆಗಿಂತ ಕಷ್ಟದ್ದಾಗಿತ್ತು. ರಾಗಿಯಲ್ಲಿ ಎರಡು ಬೇರೆ ಬೇರೆ ಹುಲ್ಲುಗಳ ಜೀನೋಮುಗಳು ಒಟ್ಟಿಗೆ ಇವೆ. ಇವನ್ನು ‘ಎ’ ಮತ್ತು ‘ಬಿ’ ಎಂದು ಕರೆಯುತ್ತಾರೆ. ವರ್ಣತಂತುಗಳು ಒಟ್ಟು 36. ಒಂದೇ ಕಾವ್ಯದ ಎರಡು ಪರಂಪರೆಗಳ ಪ್ರತಿಗಳನ್ನು ಬೆರೆಸಿ ಹರಿದು ಒಂದೇ ಕಟ್ಟಾಗಿ ಕೊಟ್ಟರೆ, ಯಾವ ಚೂರು ಯಾವ ಪರಂಪರೆಯದು ಎಂದು ಹೇಳುವುದು ಅಕ್ಷರಕ್ಷರದ ಸೂಕ್ಷ್ಮ ವ್ಯತ್ಯಾಸದಿಂದ ಮಾತ್ರ ಸಾಧ್ಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಎಂಎಲ್-365 ಎಂಬ ಬರ ಸಹಿಷ್ಣು ತಳಿಯನ್ನು ಆಯ್ದುಕೊಂಡು ಈ ಕೆಲಸ ಮಾಡಿದರು. 2017ರಲ್ಲಿ ಪ್ರಕಟವಾದ ಅವರ ಕರಡಿನಲ್ಲಿ ಸುಮಾರು 119.6 ಕೋಟಿ ಅಕ್ಷರಗಳಿದ್ದವು. ಅಂದಾಜು 145.3 ಕೋಟಿಯ ಜೀನೋಮಿನಲ್ಲಿ ಇದು ಶೇಕಡಾ 82. ಗುರುತಿಸಿದ ವಂಶವಾಹಿಗಳು 85,243. ಬಳಸಿದ್ದು ಚಿಕ್ಕ ಚಿಕ್ಕ ಚೂರುಗಳನ್ನು ಅಪಾರ ಸಂಖ್ಯೆಯಲ್ಲಿ ಓದುವ ಯಂತ್ರಗಳಾದ್ದರಿಂದ ಪಾಠ ಐದು ಲಕ್ಷಕ್ಕೂ ಮಿಕ್ಕ ತುಣುಕುಗಳಲ್ಲಿ ಉಳಿಯಿತು. ಆದರೂ ಬರ ಸಹಿಸುವ, ಸುಣ್ಣದ ಅಂಶವನ್ನು ಹೀರಿ ಸಂಗ್ರಹಿಸುವ, ರೋಗ ತಡೆಯುವ ವಂಶವಾಹಿಗಳನ್ನು ಹುಡುಕಲು ಅದು ಮೊದಲ ನೆಲೆಯನ್ನು ಒದಗಿಸಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಈ ಅಂತರ ಯಾವ ಅಕ್ಷರಗಳಲ್ಲಿದೆ ಎಂಬುದು ಸಾಧಾರಣ ಕುತೂಹಲದ ಪ್ರಶ್ನೆಯಲ್ಲ.

ಸ್ವಿಟ್ಜರ್ಲೆಂಡ್ ಮತ್ತು ಜಪಾನಿನ ವಿಜ್ಞಾನಿಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರ ಜೊತೆಗೂಡಿ ಪಿಆರ್-202 ಎಂಬ ತಳಿಯ ಇನ್ನೊಂದು ಪಾಠವನ್ನು 2018ರಲ್ಲಿ ಹೊರತಂದರು. ಉದ್ದನೆಯ ಚೂರುಗಳನ್ನು ಓದುವ ಯಂತ್ರವನ್ನೂ ದೃಗ್ಗೋಚರ ನಕಾಶೆಯ ವಿಧಾನವನ್ನೂ ಬಳಸಿದ್ದರಿಂದ ತುಣುಕುಗಳು ಎರಡು ಸಾವಿರದೊಳಗೆ ಇಳಿದವು. ಒಟ್ಟು ಅಕ್ಷರಗಳ ಸಂಖ್ಯೆ ಹೆಚ್ಚು ಕಡಿಮೆ ಮೊದಲಿನಷ್ಟೇ, ಸುಮಾರು 119 ಕೋಟಿ. ವಂಶವಾಹಿಗಳು ಮಾತ್ರ 62,348. ಹಾಗಾದರೆ ರಾಗಿಯಲ್ಲಿರುವುದು ಎಂಬತ್ತೈದು ಸಾವಿರವೋ, ಅರವತ್ತೆರಡು ಸಾವಿರವೋ? ತಳಿಗಳು ಬೇರೆಯಾಗಿರುವುದರಿಂದ ಸ್ವಲ್ಪ ವ್ಯತ್ಯಾಸ ಸಹಜ. ಆದರೆ ಇಷ್ಟು ದೊಡ್ಡ ಅಂತರಕ್ಕೆ ತಳಿಗಿಂತ ಸಂಪಾದನೆಯ ವಿಧಾನವೇ ಹೆಚ್ಚು ಕಾರಣವೆಂದು ಭಾವಿಸುವುದು ಯುಕ್ತ. 2002ರ ಭತ್ತದ ಕರಡುಗಳಲ್ಲಿ ಆದುದು ಇಲ್ಲಿಯೂ ಆಗಿದೆ. ಇಂಥ ಸಂಖ್ಯೆಯನ್ನು ಉಲ್ಲೇಖಿಸುವಾಗ ತಳಿ, ವರ್ಷ, ವಿಧಾನಗಳನ್ನು ಹೇಳದಿರುವುದು, ಪ್ರತಿಯ ಹೆಸರು ಹೇಳದೆ ಪಾಠವನ್ನು ಉದ್ಧರಿಸಿದಷ್ಟೇ ಅಶಾಸ್ತ್ರೀಯ. ಕನ್ನಡದ ವಿಜ್ಞಾನ ಬರಹಗಳಲ್ಲಿ ಈ ಅಶಾಸ್ತ್ರೀಯತೆ ಸಾಮಾನ್ಯವಾಗಿದೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾನಿಲಯದ ಡಿವೋಸ್ ಮತ್ತು ಸಂಗಡಿಗರು 2023ರಲ್ಲಿ ಪೂರ್ವ ಆಫ್ರಿಕದ ತಳಿಯೊಂದನ್ನು ಆಧರಿಸಿ ವರ್ಣತಂತುಗಳ ಮಟ್ಟಕ್ಕೆ ಜೋಡಿಸಿದ ಪಾಠವನ್ನು ಪ್ರಕಟಿಸಿದರು. ಚದುರಿದ ಗರಿಗಳು ಕಟ್ಟಾದದ್ದು ಆಗ.

ಬೆಂಗಳೂರಿನಲ್ಲಿ ಇದಕ್ಕೂ ಮೊದಲು ಬೇರೆ ಸಸ್ಯಗಳ ಜೀನೋಮುಗಳು ಪ್ರಕಟವಾಗಿದ್ದವು. ಬೇವಿನದು 2012ರಲ್ಲಿ ಗಣಿತ್ ಲ್ಯಾಬ್ಸ್‌ನಿಂದ, ಕೃಷ್ಣ ತುಳಸಿಯದು 2015ರಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ. ಆಹಾರಧಾನ್ಯವಾದ ರಾಗಿಗೆ ಬಂದ ತಡ ಗಮನ ಸೆಳೆಯುತ್ತದೆ.

‘ಅನಾಥ ಬೆಳೆ’ ಎಂಬ ಅನುವಾದ

ಈ ತಡಕ್ಕೆ ಇಂಗ್ಲಿಷಿನ ಕೃಷಿವಿಜ್ಞಾನ ಒಂದು ಹೆಸರನ್ನು ಕೊಟ್ಟಿದೆ. ಸಂಶೋಧನೆಯ ಹಣ, ದೊಡ್ಡ ಸಂಸ್ಥೆಗಳ ಗಮನ ದೊರೆಯದ ಬೆಳೆಗಳನ್ನು ಅಲ್ಲಿ ತಾಯಿತಂದೆಯಿಲ್ಲದ ಮಗುವಿಗೆ ಹೋಲಿಸುತ್ತಾರೆ. ಅದನ್ನು ಕನ್ನಡದಲ್ಲಿ ‘ಅನಾಥ ಬೆಳೆ’ ಎಂದು ಅನುವಾದಿಸುವ ರೂಢಿ ಬರುತ್ತಿದೆ. ರಾಗಿಯ ಮಟ್ಟಿಗೆ ಈ ಪದ ಕನ್ನಡದಲ್ಲಿ ಸುಳ್ಳಾಗುತ್ತದೆ. ದಾಸರಿಂದ ಕಾವ್ಯವನ್ನೂ, ಬೀಸುವ ಕಲ್ಲಿನ ಮುಂದೆ ಹೆಂಗಸರಿಂದ ಹಾಡನ್ನೂ, ರಾಮನಿಂದ ಹೆಸರನ್ನೂ ಪಡೆದ ಧಾನ್ಯಕ್ಕೆ ನಾಥರಿಲ್ಲ ಎನ್ನಲಾಗದು. ಅದಕ್ಕಿಲ್ಲದಿದ್ದುದು ಪ್ರಯೋಗಾಲಯದ ಆಶ್ರಯ ಮಾತ್ರ. ಅದೂ ಪೂರ್ತಿ ನಿಜವಲ್ಲ. ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ರಾಗಿಯ ಹೂವು ಅತಿ ಚಿಕ್ಕದು, ತನ್ನ ಪರಾಗವನ್ನೇ ತಾನು ಪಡೆಯುವಂಥದು. ಎರಡು ತಳಿಗಳನ್ನು ಕೂಡಿಸುವುದೇ ದುಸ್ಸಾಧ್ಯವಾಗಿದ್ದ ಕಾಲದಲ್ಲಿ, ಜೀನೋಮಿನ ಒಂದಕ್ಷರವನ್ನೂ ಓದದೆ, ಕಣ್ಣು ಮತ್ತು ಕೈಗಳ ಅನುಭವದಿಂದ ನಡೆದ ಕೆಲಸ ಅದು. ‘ರಾಗಿ ಲಕ್ಷ್ಮಣಯ್ಯ’ ಎಂದು ಜನ ಅವರನ್ನು ಕರೆದರು. ‘ಕಡೆಗಣಿಸಿದ ಬೆಳೆ’ ಎಂಬುದು ಇಲ್ಲಿ ಪ್ರಾಮಾಣಿಕವಾದ ಅನುವಾದ. ಕಡೆಗಣಿಸಿದವರು ಯಾರು ಎಂಬ ಪ್ರಶ್ನೆಯನ್ನು ಅದು ಜೀವಂತವಾಗಿಡುತ್ತದೆ, ‘ಅನಾಥ’ ಅದನ್ನು ವಿಧಿಯ ತಲೆಗೆ ಕಟ್ಟುತ್ತದೆ.

ಹಾಗೆಂದು ರಾಗಿಯನ್ನು ಕನ್ನಡ ನೆಲದ ಸ್ವಂತ ಸೃಷ್ಟಿಯೆಂದು ಹೇಳಿಕೊಳ್ಳಲು ಸಾಕ್ಷ್ಯಗಳು ಎಡೆಗೊಡುವುದಿಲ್ಲ. ಅದು ಮೊದಲು ಕೃಷಿಗೆ ಬಂದದ್ದು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳಲ್ಲಿ, ಅಲ್ಲಿನ ಕಾಡುರಾಗಿಯಿಂದ. ತುಂಗಭದ್ರೆಯ ದಂಡೆಯ ಹಳ್ಳೂರಿನ ಉತ್ಖನನದಲ್ಲಿ ದೊರೆತ ಕಾಳುಗಳನ್ನು ರಾಗಿಯೆಂದು ಗುರುತಿಸಿದ್ದನ್ನು ಆಧರಿಸಿ ಕರ್ನಾಟಕದಲ್ಲಿ ರಾಗಿಯ ಪ್ರಾಚೀನತೆಯನ್ನು ಬಹಳ ಹಿಂದಕ್ಕೆ ಒಯ್ಯುವ ವಾದವಿದೆ. ಆ ಕಾಲದ ಹಲವು ನೆಲೆಗಳ ಇಂಥ ಗುರುತಿಸುವಿಕೆಯನ್ನು ಸಸ್ಯಪುರಾತತ್ತ್ವಜ್ಞ ಡೋರಿಯನ್ ಫುಲ್ಲರ್ ಮರುಪರಿಶೀಲಿಸಿ ಪ್ರಶ್ನಿಸಿದ್ದಾರೆ. ಅದರ ಶಾಸ್ತ್ರೀಯ ಹೆಸರೂ ಹೊರಗಿನದೇ: ‘ಎಲ್ಯೂಸೈನ್’ ಎಂಬುದು ಧಾನ್ಯದೇವತೆಯ ಆರಾಧನೆಗೆ ಹೆಸರಾದ ಗ್ರೀಸಿನ ಎಲ್ಯೂಸಿಸ್ ಪಟ್ಟಣದಿಂದ, ‘ಕೊರಕಾನ’ ಎಂಬುದು ಸಿಂಹಳದ ‘ಕುರಕ್ಕನ್’ನಿಂದ ಬಂದವು.

ವಂಶವೃಕ್ಷದಲ್ಲಿ ಒಂದು ಸ್ಥಾನ ತೆರವಾಗಿಯೇ ಇದೆ. ‘ಎ’ ಪಾಠದ ಮಾತೃಕೆ ಎಲ್ಯೂಸೈನ್ ಇಂಡಿಕಾ ಎಂಬ ಹುಲ್ಲು. ಅದು ಆಫ್ರಿಕದಲ್ಲಿ ಮಾತ್ರವಲ್ಲದೆ ಕರ್ನಾಟಕದ ರಸ್ತೆಯಂಚುಗಳಲ್ಲಿ, ಅಂಗಳಗಳಲ್ಲಿ, ರಾಗಿಯ ಹೊಲದಲ್ಲಿಯೇ ಬೆಳೆಯುತ್ತದೆ. ಎಳೆಯದಾಗಿದ್ದಾಗ ರಾಗಿಯ ಪೈರಿನಿಂದ ಅದನ್ನು ಬೇರ್ಪಡಿಸಿ ಕೀಳಲು ಕಳೆ ತೆಗೆಯುವವರಿಗೆ ಪಳಗಿದ ಕಣ್ಣು ಬೇಕು. ‘ಬಿ’ ಪಾಠದ ಮಾತೃಕೆಯನ್ನು ಎಲ್ಯೂಸೈನ್ ಕುಲದ ತಿಳಿದಿರುವ ಇತರ ಹುಲ್ಲುಗಳಲ್ಲಿ ಹುಡುಕಲಾಗಿದೆ. ಯಾವುದೂ ಸರಿಹೊಂದಿಲ್ಲ. ಅದು ನಶಿಸಿರಬಹುದು, ಇಲ್ಲವೇ ಆಫ್ರಿಕದ ಯಾವುದೋ ಬೆಟ್ಟದ ಇಳಿಜಾರಿನಲ್ಲಿ ಯಾರೂ ಸಂಗ್ರಹಿಸದೆ ಬೆಳೆಯುತ್ತಿರಬಹುದು. ಅದರ ಪಾಠ ಈಗ ದೊರೆಯುವುದು ರಾಗಿಯೊಳಗೆ ಮಾತ್ರ.